ಹಳೆಯ ಕಾರು ಮತ್ತು ಕಾಣೆಯಾದ ಸ್ಪ್ಯಾನರ್

ಹಳೆಯ ಕಾರೊಂದನ್ನು ಕೊಳ್ಳಲು ಹೋದವರು ಮೊದಲು ಏನನ್ನು ನೋಡುತ್ತಾರೆ? ಬಣ್ಣ, ತುಕ್ಕು, ಟೈರು, ಎಂಜಿನ್ನಿನ ಸದ್ದು, ಕೊನೆಗೆ ಕಾಗದಪತ್ರ. ಡಿಕ್ಕಿಯನ್ನು ತೆರೆದು ‘ಕಾರಿನ ಜೊತೆ ಬಂದ ಟೂಲ್ಸ್ ಎಲ್ಲಿ?’ ಎಂದು ಕೇಳುವವರು ಕಡಿಮೆ. ಕೇಳಿದರೂ, ‘ಟೂಲ್ಸ್ ಎಂತಕ್ಕೆ ಮಾರಾಯ್ರೆ, ಗಾಡಿ ಓಡುತ್ತಲ್ಲ?’ ಎಂಬ ಉತ್ತರ ಸಿಕ್ಕಿದರೆ ಆಶ್ಚರ್ಯವಿಲ್ಲ.

ಸಾಲಿಗ್ರಾಮದ ನನ್ನ ಪರಿಚಯದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ದೊರೆತದ್ದೂ ಇದೇ ಉತ್ತರ. ಅವರು ಕೊಂಡದ್ದು 1960ರ ದಶಕದ ಅಂಬಾಸಡರ್. ಅದರ ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು. ಜೊತೆಗೆ ಯಾವುದೋ ಚಿಕ್ಕ ಕಾರಿನ ಕತ್ತರಿ ಜಾಕ್, ಮಿಲಿಮೀಟರ್ ಅಳತೆಯ ಮೂರು ಸ್ಪ್ಯಾನರ್, ಒಂದು ಕಬ್ಬಿಣದ ಪೈಪಿನ ತುಂಡು ಇದ್ದವು. ಒಂದು ತಿಂಗಳ ಬಳಿಕ ಪಾರಂಪಳ್ಳಿಯ ಕಡಲ ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ರಸ್ತೆಯ ಪಕ್ಕದ ಮರಳಿನ ಮೇಲೆ ಜಾಕ್ ಇಟ್ಟು ಕಾರನ್ನು ಎತ್ತಿ ಚಕ್ರ ಕಳಚಿದರು. ಅಷ್ಟರಲ್ಲಿ ಜಾಕ್ ವಾಲಿತು, ಕಾರು ಧಡಕ್ಕನೆ ಕೆಳಗೆ ಕುಳಿತಿತು. ಕ್ಷಣದ ಹಿಂದೆ ಉರುಳಿದ ನಟ್ ಹುಡುಕಲು ಮೊಮ್ಮಗ ಅಲ್ಲೇ ಕೈ ಚಾಚಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ದಿನದಿಂದ ಅವರು ನನ್ನಲ್ಲಿ ಕೇಳಿದ ಪ್ರಶ್ನೆ ಒಂದೇ: ‘ಮೂಲ ಜಾಕ್ ಇದ್ದಿದ್ದರೆ ಹೀಗಾಗುತ್ತಿತ್ತೇ?’

ಈ ಲೇಖನ ಆ ಪ್ರಶ್ನೆಗೆ ಉತ್ತರ. ಕಾರಿನ ಉಪಕರಣಗಳು ಅಲಂಕಾರದ ವಸ್ತುಗಳಲ್ಲ. ಆ ಕಾರು ಯಾವ ಅಳತೆಯಲ್ಲಿ, ಎಷ್ಟು ಬಲಕ್ಕಾಗಿ ರಚಿತವಾಗಿದೆ ಎಂಬ ಮಾಹಿತಿ ಅವುಗಳಲ್ಲಿ ಅಡಗಿದೆ. ಅವು ಕಳೆದುಹೋದರೆ ಆ ಮಾಹಿತಿಯನ್ನು ನಾವೇ ಮತ್ತೆ ಲೆಕ್ಕ ಹಾಕಿ ಪಡೆಯಬೇಕಾಗುತ್ತದೆ.

ಚೀಲದಲ್ಲಿ ಏನಿರುತ್ತಿತ್ತು?

ಅರ್ಧ ಶತಮಾನದ ಹಿಂದಿನ ಕಾರುಗಳ ಜೊತೆ ಸಾಮಾನ್ಯವಾಗಿ ಒಂದು ಬಟ್ಟೆಯ ಚೀಲ ಬರುತ್ತಿತ್ತು. ಜಾಕ್ ಮತ್ತು ಅದರ ಹಿಡಿ, ಚಕ್ರದ ನಟ್ ಬಿಚ್ಚುವ ವೀಲ್ ಸ್ಪ್ಯಾನರ್, ಎರಡು ಬಾಯಿಯ ಕೆಲವು ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಇಕ್ಕಳ, ಟೈರ್ ಲಿವರ್, ಗ್ರೀಸ್ ಗನ್, ಗಾಳಿ ಪಂಪು, ಎಂಜಿನ್ ತಿರುಗಿಸುವ ಹ್ಯಾಂಡಲ್, ಮಾಲಿಕನ ಕೈಪಿಡಿ – ಕಾರಿನಿಂದ ಕಾರಿಗೆ ಪಟ್ಟಿ ಬೇರೆಯಾದರೂ ಸ್ವರೂಪ ಇದೇ. ಅಂದಿನ ದಾರಿಗಳಲ್ಲಿ ಗ್ಯಾರೇಜುಗಳು ವಿರಳ. ಕಾರಿನ ಮಾಲಿಕನೋ ಡ್ರೈವರನೋ ದಾರಿಯಲ್ಲೇ ದುರಸ್ತಿ ಮಾಡಿಕೊಳ್ಳಬೇಕಿತ್ತು.

ನಾವು ಮನೆಮಾತಿನಂತೆ ಬಳಸುವ ‘ಸ್ಟೆಪ್ನಿ’ ಎಂಬ ಪದವೂ ಇಂಥದೇ ಅಗತ್ಯದಿಂದ ಬಂದದ್ದು. ಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರಲಿಲ್ಲ. 1904ರ ಸುಮಾರಿಗೆ ವೇಲ್ಸ್‌ನ ಲಾನೆಲ್ಲಿ ಊರಿನ ಡೇವಿಸ್ ಸಹೋದರರು ಅಂಥ ಚಕ್ರವನ್ನು ತಯಾರಿಸಿ ಮಾರಿದರು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಆ ಬೀದಿಯ ಹೆಸರು ಕರಾವಳಿಯ ಟೈರ್ ಅಂಗಡಿಯವರೆಗೂ ಬಂದು ಮುಟ್ಟಿದೆ.

ಈ ಸಾಮಾನುಗಳು ಕಳೆದುಹೋಗುವ ಬಗೆ ಸರಳ. ಗ್ಯಾರೇಜಿನಲ್ಲಿ ಒಂದು ಸ್ಪ್ಯಾನರ್ ಉಳಿಯುತ್ತದೆ. ನೆರೆಯವರು ಜಾಕ್ ಒಯ್ಯುತ್ತಾರೆ. ಸ್ವಯಂ ಸ್ಟಾರ್ಟರ್ ಇದೆಯೆಂದು ಹ್ಯಾಂಡಲ್ ಗುಜರಿಗೆ ಹೋಗುತ್ತದೆ. ಮೂರು ನಾಲ್ಕು ಮಾಲಿಕರ ಕೈದಾಟಿದ ಕಾರಿನಲ್ಲಿ ಉಳಿಯುವುದು ಖಾಲಿ ಚೀಲ, ಅಥವಾ ಅದೂ ಇಲ್ಲ.

ಒಂದೇ ರಸ್ತೆ, ಮೂರು ಅಳತೆ

‘ಸ್ಪ್ಯಾನರ್ ಹೋದರೆ ಬೇರೆ ಕೊಂಡರಾಯಿತು’ ಎನ್ನಬಹುದು. ಯಾವ ಅಳತೆಯದು ಎಂಬುದೇ ಇಲ್ಲಿ ಪ್ರಶ್ನೆ.

ಸ್ಕ್ರೂ ಮತ್ತು ಬೋಲ್ಟುಗಳಿಗೆ ಏಕರೂಪದ ಅಳತೆಯನ್ನು ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. ಈ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಬರೆದ ಸಂಖ್ಯೆ ಬಾಯಿಯ ಅಗಲವನ್ನು ಹೇಳುವುದಿಲ್ಲ, ಬೋಲ್ಟಿನ ದಪ್ಪವನ್ನು ಹೇಳುತ್ತದೆ. 1/4 ಎಂದು ಬರೆದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ 0.525 ಇಂಚು, ಎಂದರೆ 13.3 ಮಿ.ಮೀ.! ಎರಡನೆಯ ಮಹಾಯುದ್ಧದ ಬಳಿಕ, 1948ರಲ್ಲಿ, ಅಮೆರಿಕ, ಬ್ರಿಟನ್ ಮತ್ತು ಕೆನಡಾ ಸೇರಿ 60 ಡಿಗ್ರಿ ಕೋನದ ಏಕೀಕೃತ ಇಂಚು ಥ್ರೆಡ್ಡನ್ನು ಒಪ್ಪಿಕೊಂಡವು. ಇದರ ಸ್ಪ್ಯಾನರಿನ ಮೇಲೆ ನಟ್‌ನ ಎದುರುಬದುರು ಮುಖಗಳ ನಡುವಿನ ಅಂತರವನ್ನೇ ಬರೆಯುತ್ತಾರೆ, ಅದಕ್ಕೆ ‘ಎ.ಎಫ್.’ ಅಳತೆ ಎಂದು ಹೆಸರು. ಮೂರನೆಯದು ಯೂರೋಪ್ ಖಂಡದ ಮೆಟ್ರಿಕ್ ಪದ್ಧತಿ. ಅಲ್ಲಿಯೂ ಕೋನ 60 ಡಿಗ್ರಿ, ಆದರೆ ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿ.

ನಮ್ಮ ರಸ್ತೆಗಳಲ್ಲಿ ಈ ಮೂರೂ ಓಡಾಡಿವೆ. ಅಂಬಾಸಡರ್ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನಿಂದ ಬಂದದ್ದು. ಅದರ ಹಳೆಯ ಎಂಜಿನ್ನಿಗೆ ಎ.ಎಫ್. ಸ್ಪ್ಯಾನರ್ ಬೇಕು. ಮಹೀಂದ್ರದವರ ಹಳೆಯ ಜೀಪು ಅಮೆರಿಕದ ವಿಲ್ಲಿಸ್‌ನ ಸಂತತಿ, ಅದೂ ಇಂಚಿನದು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100ರ ಸಂತತಿ, ಅದು ಮೆಟ್ರಿಕ್. 1956ರ ಕಾಯಿದೆಯಂತೆ ಭಾರತ ಮೆಟ್ರಿಕ್ ಪದ್ಧತಿಗೆ ತಿರುಗಿತು. ಆದರೆ ಅಂಬಾಸಡರಿನ ನಟ್‌ಗಳು ಇಂಚಿನಲ್ಲೇ ಉಳಿದವು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಎಂಜಿನ್ ಕೂಡಿಸಿದಾಗ ಮೆಟ್ರಿಕ್ ನಟ್‌ಗಳು ಬಂದವು. 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು.

ಇನ್ನೂ ಸ್ವಾರಸ್ಯದ ಉದಾಹರಣೆ ‘ಹಿಂದುಸ್ಥಾನ್ 10’. ಇದು 1940ರ ದಶಕದಲ್ಲಿ ಇಲ್ಲಿ ಜೋಡಣೆಯಾದ ಮೋರಿಸ್ 10. ಮೋರಿಸ್ ಸಂಸ್ಥೆ 1923ರಲ್ಲಿ ಕೊವೆಂಟ್ರಿಯಲ್ಲಿದ್ದ ಫ್ರೆಂಚರ ಹಾಚ್‌ಕಿಸ್ ಕಾರ್ಖಾನೆಯನ್ನು ಕೊಂಡುಕೊಂಡಿತ್ತು. ಅಲ್ಲಿನ ಯಂತ್ರಗಳು ಕೊರೆಯುತ್ತಿದ್ದುದು ಮೆಟ್ರಿಕ್ ಥ್ರೆಡ್ಡು. ಬ್ರಿಟಿಷ್ ಮೆಕ್ಯಾನಿಕ್‌ಗಳ ಕೈಯಲ್ಲಿದ್ದುದು ವಿಟ್‌ವರ್ತ್ ಸ್ಪ್ಯಾನರ್. ಹೀಗಾಗಿ ಹಲವು ವರ್ಷ ಮೋರಿಸ್ ಎಂಜಿನ್‌ಗಳಲ್ಲಿ ಥ್ರೆಡ್ಡು ಮೆಟ್ರಿಕ್, ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಎಂಬ ವಿಚಿತ್ರ ಜೋಡಿ ಇತ್ತು. ಅಂಥ ಕಾರನ್ನು ಕೊಂಡವರು ಬೋಲ್ಟಿನ ತಲೆ ನೋಡಿ ಹೊಸ ಬೋಲ್ಟ್ ತಂದರೆ ಮೋಸ ಹೋಗುತ್ತಾರೆ.

0.3 ಮಿಲಿಮೀಟರ್ ಮಾಡುವ ಅನಾಹುತ

ಅಂಬಾಸಡರಿನಲ್ಲಿ ಹೇರಳವಾಗಿ ಕಾಣುವ ನಟ್‌ಗಳ ಅಳತೆಯನ್ನು ಇಂದಿನ ಮಿಲಿಮೀಟರ್ ಸ್ಪ್ಯಾನರ್‌ಗಳೊಡನೆ ಹೋಲಿಸೋಣ.

7/16 ಇಂಚು = 11.11 ಮಿ.ಮೀ.: 12ರ ಸ್ಪ್ಯಾನರ್ ತೀರ ಸಡಿಲ.
1/2 ಇಂಚು = 12.70 ಮಿ.ಮೀ.: 13 ಸಡಿಲ.
9/16 ಇಂಚು = 14.29 ಮಿ.ಮೀ.: 14 ಹೊಗದು, 15 ಸಡಿಲ.
5/8 ಇಂಚು = 15.88 ಮಿ.ಮೀ.: 16 ಬಹುಮಟ್ಟಿಗೆ ಸರಿ.
3/4 ಇಂಚು = 19.05 ಮಿ.ಮೀ.: 19 ಬಹುಮಟ್ಟಿಗೆ ಸರಿ.

ಸಡಿಲ ಸ್ಪ್ಯಾನರ್ ಏಕೆ ಕೆಡುಕು? ಷಟ್ಕೋನಾಕಾರದ ನಟ್‌ನ್ನು ಸಮಾಂತರವಾದ ಎರಡು ದವಡೆಗಳ ನಡುವೆ ಇಟ್ಟಿದ್ದೇವೆ ಎಂದುಕೊಳ್ಳಿ. ದವಡೆಗಳ ಅಂತರ ನಟ್‌ಗಿಂತ ತುಸು ಹೆಚ್ಚಿದ್ದರೆ ಸ್ಪ್ಯಾನರ್ ಸ್ವಲ್ಪ ಖಾಲಿ ತಿರುಗಿ ಆಮೇಲೆ ನಟ್‌ನ ಎರಡು ಮೂಲೆಗಳನ್ನು ಒತ್ತುತ್ತದೆ. ಹೀಗೆ ಖಾಲಿ ತಿರುಗುವ ಕೋನವನ್ನು ಸರಳ ತ್ರಿಕೋನಮಿತಿಯಿಂದ ಕಂಡುಹಿಡಿಯಬಹುದು. ಚಿಕ್ಕ ಕೋನಗಳಿಗೆ ಅದು, ರೇಡಿಯನ್‌ನಲ್ಲಿ, ಹೆಚ್ಚುವರಿ ಅಂತರವನ್ನು ನಟ್‌ನ ಅಗಲದಿಂದ ಭಾಗಿಸಿ 1.73ರಿಂದ ಗುಣಿಸಿದಷ್ಟು. 12.7ರ ನಟ್‌ಗೆ 13ರ ಸ್ಪ್ಯಾನರ್ ಹಾಕಿದರೆ ಈ ಕೋನ ಸುಮಾರು 2.4 ಡಿಗ್ರಿ. 14.29ರ ನಟ್‌ಗೆ 15 ಹಾಕಿದರೆ ಸುಮಾರು 5.4 ಡಿಗ್ರಿ.

ಈಗ ಬಲದ ಲೆಕ್ಕ. 9/16 ಇಂಚಿನ ನಟ್‌ನ್ನು ಬಿಚ್ಚಲು 60 ನ್ಯೂಟನ್-ಮೀಟರ್ ಭ್ರಾಮಕ ಬೇಕೆಂದುಕೊಳ್ಳಿ. ಸರಿಯಾದ ಸ್ಪ್ಯಾನರಿನಲ್ಲಿ ಎರಡು ದವಡೆಗಳ ಬಲಗಳ ನಡುವಿನ ಲಂಬದೂರ ಹೆಚ್ಚೆಂದರೆ ನಟ್‌ನ ಒಂದು ಭುಜದಷ್ಟು, ಸುಮಾರು 8.25 ಮಿ.ಮೀ. ಆದ್ದರಿಂದ ಪ್ರತಿ ದವಡೆಯ ಬಲ ಸುಮಾರು 7300 ನ್ಯೂಟನ್. 5.4 ಡಿಗ್ರಿ ಖಾಲಿ ತಿರುಗಿದ ಬಳಿಕ ಆ ದೂರ 6.9 ಮಿ.ಮೀ.ಗೆ ಇಳಿಯುತ್ತದೆ, ಬಲ 8700 ನ್ಯೂಟನ್‌ಗೆ ಏರುತ್ತದೆ. ಬಲ ಶೇಕಡ 20ರಷ್ಟು ಹೆಚ್ಚಿದ್ದು ಒಂದು ಕಡೆ. ಅದಕ್ಕಿಂತ ಮುಖ್ಯವಾದದ್ದು ಬಲ ಬೀಳುವ ಜಾಗ. ನಿಕಟವಾಗಿ ಕೂಡುವ ಸ್ಪ್ಯಾನರ್ ಮುಖದ ಒಂದು ಪಟ್ಟಿಯ ಮೇಲೆ ಒತ್ತುತ್ತದೆ. ಸಡಿಲ ಸ್ಪ್ಯಾನರ್ ಮೂಲೆಯ ಒಂದು ಗೆರೆಯ ಮೇಲೆ ಒತ್ತುತ್ತದೆ. ವಿಸ್ತೀರ್ಣ ಕಡಿಮೆಯಾದಂತೆ ಒತ್ತಡ ಏರಿ ಉಕ್ಕು ಹಿಸುಕಿಹೋಗುತ್ತದೆ. ಮೂಲೆ ಸವೆದ ನಟ್ ಮರುಸಲ ಇನ್ನಷ್ಟು ಸಡಿಲವಾಗುತ್ತದೆ. ಕೊನೆಗೆ ಉಳಿಯುವುದು ಉಳಿ ಮತ್ತು ಸುತ್ತಿಗೆ.

ಆದ್ದರಿಂದ ಹಳೆಯ ಕಾರು ನೋಡಲು ಹೋದಾಗ ನಟ್‌ಗಳ ಮೂಲೆಗಳನ್ನು ಗಮನಿಸಿ. ಮೂಲೆಗಳು ಚೂಪಾಗಿದ್ದರೆ ಸರಿಯಾದ ಸ್ಪ್ಯಾನರ್ ಬಳಸಿದವರ ಕೈಯಲ್ಲಿ ಕಾರು ಇತ್ತು ಎಂದು ತಿಳಿಯಬಹುದು. ಮೂಲೆಗಳು ದುಂಡಾಗಿದ್ದರೆ ಮೂಲ ಸ್ಪ್ಯಾನರ್‌ಗಳು ಬಹಳ ಹಿಂದೆಯೇ ಹೋಗಿವೆ.

ಜಾಕಿನ ‘ಅದಕ್ಷತೆ’ಯೇ ರಕ್ಷಣೆ

ಸ್ಕ್ರೂ ಜಾಕ್ ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಥ್ರೆಡ್ಡಿನ ಅಂತರ 4 ಮಿ.ಮೀ., ಸರಾಸರಿ ವ್ಯಾಸ 18 ಮಿ.ಮೀ. ಇದ್ದರೆ ಇಳಿಜಾರಿನ ಕೋನ ಸುಮಾರು 4 ಡಿಗ್ರಿ. ಅಂಬಾಸಡರಿನ ತೂಕ ಸುಮಾರು 1100 ಕಿಲೋಗ್ರಾಂ. ಅದರ ಒಂದು ಮಗ್ಗುಲನ್ನು ಎತ್ತುವಾಗ ಜಾಕಿನ ಮೇಲೆ 400 ಕಿಲೋಗ್ರಾಂ ಭಾರ ಬಂತು ಎಂದುಕೊಳ್ಳೋಣ. ಹಿಡಿಯ ಉದ್ದ 20 ಸೆಂ.ಮೀ. ಘರ್ಷಣೆಯೇ ಇಲ್ಲದಿದ್ದರೆ 12.5 ನ್ಯೂಟನ್ ಬಲ ಸಾಕು. ಘರ್ಷಣಾಂಕ 0.15 ಇದ್ದರೆ ದಕ್ಷತೆ ಸುಮಾರು ಶೇಕಡ 32ಕ್ಕೆ ಇಳಿದು, ಬೇಕಾಗುವ ಬಲ 39 ನ್ಯೂಟನ್ ಆಗುತ್ತದೆ. ಇದು 4 ಕಿಲೋಗ್ರಾಂ ಎತ್ತುವ ಶ್ರಮ.

ಮೂರರಲ್ಲಿ ಎರಡು ಪಾಲು ಶ್ರಮ ಘರ್ಷಣೆಗೇ ಹೋಯಿತಲ್ಲ ಎಂದು ಬೇಸರಪಡಬೇಡಿ. 0.15 ಘರ್ಷಣಾಂಕಕ್ಕೆ ಘರ್ಷಣ ಕೋನ 8.5 ಡಿಗ್ರಿ. ಅದು ಇಳಿಜಾರಿನ 4 ಡಿಗ್ರಿಗಿಂತ ಹೆಚ್ಚಿರುವುದರಿಂದಲೇ ಕೈ ಬಿಟ್ಟರೂ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗಿ ಕಾರು ಇಳಿಯುವುದಿಲ್ಲ. ದಕ್ಷತೆ ಶೇಕಡ 50ಕ್ಕಿಂತ ಹೆಚ್ಚಿರುವ ಸ್ಕ್ರೂ ಭಾರವನ್ನು ತಾನಾಗಿ ಹಿಡಿದು ನಿಲ್ಲಿಸಲಾರದು. ಜಾಕಿನಲ್ಲಿ ಘರ್ಷಣೆ ನಮ್ಮ ಕಾವಲುಗಾರ.

ಹಾಗಾದರೆ ಪಾರಂಪಳ್ಳಿಯ ದಾರಿಯಲ್ಲಿ ಜಾಕ್ ವಾಲಿದ್ದೇಕೆ? ಸ್ಕ್ರೂ ಸೋಲಲಿಲ್ಲ, ಅದರ ಮೇಲ್ತುದಿ ಮತ್ತು ಕೆಳತುದಿ ಸೋತವು. ಪ್ರತಿ ಕಾರಿನಲ್ಲಿ ಜಾಕ್ ಕೊಡಬೇಕಾದ ಜಾಗ ನಿಗದಿಯಾಗಿರುತ್ತದೆ. ಮೋರಿಸ್ ಮೈನರ್, ಫೋಕ್ಸ್‌ವ್ಯಾಗನ್ ಬೀಟಲ್ ಮುಂತಾದ ಕಾರುಗಳ ಮಗ್ಗುಲಲ್ಲಿ ಜಾಕಿನ ತೋಳು ಹೊಗುವ ತೂತೇ ಇರುತ್ತದೆ. ಬೇರೆ ಕಾರಿನ ಜಾಕಿನ ತಲೆ ಆ ಜಾಗಕ್ಕೆ ಕೂಡದೆ ಒಂದು ಅಂಚಿನ ಮೇಲೆ ನಿಲ್ಲುತ್ತದೆ. ಕಾರು ಮೇಲೇರುವಾಗ ಕಂಸದಲ್ಲಿ ಚಲಿಸುವುದರಿಂದ ಆ ಅಂಚು ಜಾರುತ್ತದೆ.

ಕೆಳತುದಿಯ ಕತೆ ಕರಾವಳಿಯವರಿಗೆ ಮುಖ್ಯ. 400 ಕಿಲೋಗ್ರಾಂ ಭಾರ 10 ಸೆಂ.ಮೀ. ಚೌಕದ ಪಾದದ ಮೇಲೆ ನಿಂತರೆ ಒತ್ತಡ ಸುಮಾರು 390 ಕಿಲೋಪ್ಯಾಸ್ಕಲ್. ಸಡಿಲ ಮರಳು ಇದನ್ನು ತಡೆಯದೆ ಒಂದು ಬದಿಗೆ ಕುಸಿಯುತ್ತದೆ. ಜಾಕಿನ ಕೆಳಗೆ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡ ಒಂಬತ್ತನೆಯ ಒಂದು ಪಾಲಿಗೆ, 44 ಕಿಲೋಪ್ಯಾಸ್ಕಲ್‌ಗೆ ಇಳಿಯುತ್ತದೆ. ಮೂಲ ಜಾಕ್ ಇದ್ದರೂ ಮರಳಿನ ಮೇಲೆ ಈ ಹಲಗೆ ಬೇಕೇ ಬೇಕು.

ಇನ್ನೊಂದು ಮಾತು. ‘ಗೇರಿನಲ್ಲಿ ನಿಲ್ಲಿಸಿದ್ದೇನೆ, ಕಾರು ಉರುಳದು’ ಎಂದು ನಂಬಬೇಡಿ. ಹಿಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಒಂದು ಹಿಂಚಕ್ರ ಮೇಲೆದ್ದರೆ ಡಿಫರೆನ್ಷಿಯಲ್ ಅದನ್ನು ಒಂದು ದಿಕ್ಕಿಗೂ ನೆಲದ ಮೇಲಿನ ಚಕ್ರವನ್ನು ಇನ್ನೊಂದು ದಿಕ್ಕಿಗೂ ತಿರುಗಲು ಬಿಡುತ್ತದೆ. ಎಂಜಿನ್ ತಿರುಗದೆಯೇ ಕಾರು ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಎದುರು ಮೂಲೆಯ ಚಕ್ರದ ಹಿಂದೆ ಮುಂದೆ ಕಲ್ಲಿಡುವ ನಮ್ಮ ಹಳೆಯ ಡ್ರೈವರುಗಳ ಪದ್ಧತಿಗೆ ಇದೇ ಕಾರಣ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ, ಏನನ್ನೂ ಹುಡುಕಲು, ಕೈ ಹಾಕಬಾರದು.

ಹಿಡಿಯ ಉದ್ದ ಹೇಳುವ ಸಂದೇಶ

ಮುಖ್ಯೋಪಾಧ್ಯಾಯರ ಡಿಕ್ಕಿಯಲ್ಲಿದ್ದ ಪೈಪಿನ ತುಂಡು ವೀಲ್ ಸ್ಪ್ಯಾನರಿನ ಬಾಲವಾಗಿ ಬಳಕೆಯಾಗುತ್ತಿತ್ತು. ವೀಲ್ ಸ್ಪ್ಯಾನರಿನ ಉದ್ದವನ್ನು ತಯಾರಕರು ಸುಮ್ಮನೆ ನಿರ್ಧರಿಸುವುದಿಲ್ಲ. 30 ಸೆಂ.ಮೀ. ಹಿಡಿಯನ್ನು ಸಾಮಾನ್ಯ ವ್ಯಕ್ತಿ 300 ನ್ಯೂಟನ್ ಬಲದಿಂದ ಎಳೆದರೆ 90 ನ್ಯೂಟನ್-ಮೀಟರ್ ಭ್ರಾಮಕ. 12 ಮಿ.ಮೀ. ದಪ್ಪದ ಸ್ಟಡ್ಡಿನಲ್ಲಿ ಇದರಿಂದ ಸುಮಾರು 37,500 ನ್ಯೂಟನ್ ಎಳೆತ ಹುಟ್ಟುತ್ತದೆ. ಸ್ಟಡ್ಡಿನ ಅಡ್ಡಕೊಯ್ತ 90 ಚದರ ಮಿ.ಮೀ. ಎಂದರೆ ಪೀಡನ ಸುಮಾರು 420 ಮೆಗಾಪ್ಯಾಸ್ಕಲ್. ಚಕ್ರ ಗಟ್ಟಿಯಾಗಿ ಕೂಡಲು ಇಷ್ಟು ಸಾಕು. ಅದೇ ಬಲವನ್ನು 1 ಮೀಟರ್ ಪೈಪಿನ ತುದಿಯಲ್ಲಿ ಹಾಕಿದರೆ ಪೀಡನ 1400 ಮೆಗಾಪ್ಯಾಸ್ಕಲ್ ಮುಟ್ಟಬೇಕು. ಬೋಲ್ಟುಗಳ ಉಕ್ಕು ಸಾಮಾನ್ಯವಾಗಿ 800ರಿಂದ 1000 ಮೆಗಾಪ್ಯಾಸ್ಕಲ್‌ಗೇ ತುಂಡಾಗುತ್ತದೆ. ಪೈಪು ಹಾಕಿ ಬಿಗಿಮಾಡುವವರು ‘ಇನ್ನೂ ಸ್ವಲ್ಪ’ ಎನ್ನುವಾಗ ಸ್ಟಡ್ಡು ಹಿಗ್ಗುತ್ತಿರುತ್ತದೆ. ಬಿಚ್ಚುವಾಗ ಪೈಪು ಕ್ಷಮ್ಯ, ಬಿಗಿಮಾಡುವಾಗ ಅಲ್ಲ.

ಹ್ಯಾಂಡಲ್: ಕೊಳ್ಳುವವನ ಸ್ಟೆತಸ್ಕೋಪು

ಎಂಜಿನ್ ತಿರುಗಿಸುವ ಹ್ಯಾಂಡಲ್ ಇಂದು ಅನವಶ್ಯಕ ಎನಿಸಬಹುದು. ಆದರೆ ಕೊಳ್ಳುವ ಮುನ್ನ ಪರೀಕ್ಷಿಸಲು ಅದಕ್ಕಿಂತ ಅಗ್ಗದ ಸಾಧನವಿಲ್ಲ. ಇಗ್ನಿಷನ್ ಬಂದ್ ಮಾಡಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಅರ್ಧ ಸುತ್ತಿಗೆ ಒಮ್ಮೆ ಗಾಳಿಯ ಸಂಪೀಡನದ ತಡೆ ಕೈಗೆ ತಾಗಬೇಕು. ಎರಡು ಸುತ್ತಿನಲ್ಲಿ ನಾಲ್ಕೂ ಒಂದೇ ಸಮನಾಗಿದ್ದರೆ ಶುಭ. ಒಂದು ಕಡೆ ಸಲೀಸಾಗಿ ಜಾರಿದರೆ ಆ ಸಿಲಿಂಡರಿನ ವಾಲ್ವೋ ಪಿಸ್ಟನ್ ರಿಂಗೋ ಸೋರುತ್ತಿದೆ. ಏನೇ ಮಾಡಿದರೂ ತಿರುಗದಿದ್ದರೆ ಎಂಜಿನ್ ಕಚ್ಚಿಕೊಂಡಿದೆ.

ಹ್ಯಾಂಡಲಿನಿಂದ ಸ್ಟಾರ್ಟ್ ಮಾಡುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯಲ್ಲೇ ಇಟ್ಟು ಮೇಲಕ್ಕೆ ಎಳೆಯಬೇಕು. ಪಿಸ್ಟನ್ ಮೇಲ್ತುದಿ ಮುಟ್ಟುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ; ಸುತ್ತಿ ಹಿಡಿದ ಹೆಬ್ಬೆರಳು ಮುರಿಯಬಹುದು.

ಉಪ್ಪುಗಾಳಿಯ ಪಾಲು

ಕದ್ದು ಹೋಗದ ಉಪಕರಣಗಳನ್ನು ನಮ್ಮ ಊರಿನ ಗಾಳಿ ತಿನ್ನುತ್ತದೆ. ಕಡಲ ಗಾಳಿಯಲ್ಲಿ ಲವಣದ ಸೂಕ್ಷ್ಮ ಕಣಗಳಿವೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75 ದಾಟಿದರೆ ಅಡುಗೆ ಉಪ್ಪು ಗಾಳಿಯ ತೇವವನ್ನು ಹೀರಿ ತಾನೇ ದ್ರಾವಣವಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಮ್ ಕ್ಲೋರೈಡ್‌ಗೆ ಶೇಕಡ 33 ಸಾಕು. ಹೀಗೆ ಮಳೆ ತಾಗದ ಡಿಕ್ಕಿಯೊಳಗೂ ಸ್ಪ್ಯಾನರಿನ ಮೇಲೆ ವಿದ್ಯುತ್ ಹರಿಯಬಲ್ಲ ಪೊರೆ ಹರಡಿ ತುಕ್ಕು ಮುಂದುವರಿಯುತ್ತದೆ. ಬಟ್ಟೆಯ ಚೀಲ ತೇವವನ್ನು ಹಿಡಿದಿಟ್ಟು ಸಹಾಯ ಮಾಡುತ್ತದೆ! ಚೀಲವನ್ನು ವರ್ಷಕ್ಕೆರಡು ಬಾರಿ ಸಿಹಿನೀರಿನಲ್ಲಿ ಒಗೆದು ಒಣಗಿಸಿ, ಉಪಕರಣಗಳಿಗೆ ತೆಳುವಾಗಿ ಎಣ್ಣೆ ಸವರಿಡಿ.

ತುಕ್ಕು ಹಿಡಿದ ಮೂಲ ಸ್ಪ್ಯಾನರನ್ನು ಆಮ್ಲದಲ್ಲಿ ಅದ್ದಬೇಡಿ, ಗ್ರೈಂಡರಿಗೂ ಕೊಡಬೇಡಿ. ಅದರ ಮೇಲಿನ ತಯಾರಕರ ಗುರುತು ಮತ್ತು ಅಳತೆಯ ಅಂಕೆ ಅಳಿಸಿಹೋಗುತ್ತವೆ. ವಾಷಿಂಗ್ ಸೋಡಾ ದ್ರಾವಣದಲ್ಲಿ ಸ್ಪ್ಯಾನರನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಸಾಧಾರಣ ಕಬ್ಬಿಣದ ತಗಡನ್ನು ಧನ ತುದಿಗೂ ಜೋಡಿಸಿ ವಿದ್ಯುದ್ವಿಭಜನೆ ನಡೆಸಿದರೆ ತುಕ್ಕು ಸಡಿಲವಾಗುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ಧನಾಗ್ರವಾಗಿ ಬಳಸಬಾರದು, ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ಉಂಟಾಗುತ್ತವೆ. ಹೈಡ್ರೋಜನ್ ಹೊಮ್ಮುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ ಈ ಕೆಲಸ ಮಾಡಬೇಕು.

ಕೊಳ್ಳುವ ಮುನ್ನ

ಭಾರತದಲ್ಲಿ 2021ರ ನಿಯಮಗಳಂತೆ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ವಾಹನಗಳನ್ನು ‘ವಿಂಟೇಜ್’ ಎಂದು ಬೇರೆಯಾಗಿ ನೋಂದಾಯಿಸಬಹುದು. ಧರ್ಮಸ್ಥಳದ ಕಾರು ಸಂಗ್ರಹವನ್ನೋ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯವನ್ನೋ ನೋಡಿದವರಿಗೆ ಹಳೆಯ ಕಾರು ಕೊಳ್ಳುವ ಆಸೆ ಹುಟ್ಟುವುದು ಸಹಜ. ಅಂಥವರು ಮಾತುಕತೆಗೆ ಮೊದಲೇ ಕೈಪಿಡಿಯಿಂದ ಉಪಕರಣಗಳ ಪಟ್ಟಿ ಬರೆದುಕೊಳ್ಳಿ. ಇರುವುದನ್ನು ಅಳೆದು ಗುರುತು ಹಾಕಿ, ಇಲ್ಲದ್ದನ್ನು ಬೆಲೆಯಲ್ಲಿ ಕಳೆಯಿರಿ. ಮಾರುವವರ ಮನೆಯ ಕೊಟ್ಟಿಗೆ, ಅಟ್ಟಗಳಲ್ಲಿ ಹುಡುಕಲು ವಿನಂತಿಸಿ. ಹಣ ಕೊಟ್ಟ ಮೇಲೆ ಯಾರೂ ಅಟ್ಟ ಹತ್ತುವುದಿಲ್ಲ. ಸಿಗದಿದ್ದರೆ ಎ.ಎಫ್. ಸ್ಪ್ಯಾನರ್‌ಗಳ ಹೊಸ ಸೆಟ್ ಕೊಳ್ಳಿ. ಅದು ಮೂಲದ್ದಲ್ಲ, ಆದರೆ ಕಾರಿನ ಅಳತೆಗೆ ಪ್ರಾಮಾಣಿಕವಾಗಿದೆ.

ಶಿಕ್ಷಕರಿಗೊಂದು ಸೂಚನೆ. ರಟ್ಟಿನಲ್ಲಿ ಎದುರು ಮುಖಗಳ ಅಂತರ 14.3 ಸೆಂ.ಮೀ. ಇರುವ ಷಟ್ಕೋನವನ್ನು ಕತ್ತರಿಸಿ. ಇನ್ನೊಂದು ರಟ್ಟಿನಲ್ಲಿ 15 ಸೆಂ.ಮೀ. ಅಗಲದ ಸೀಳು ಮಾಡಿ, ಷಟ್ಕೋನವನ್ನು ಒಳಗಿಟ್ಟು ಎರಡೂ ಮೂಲೆ ತಾಗುವವರೆಗೆ ತಿರುಗಿಸಿ ಕೋನಮಾಪಕದಿಂದ ಅಳೆಯಿರಿ. ಸುಮಾರು ಐದೂವರೆ ಡಿಗ್ರಿ ಬರಬೇಕು. ಸೀಳನ್ನು ಸ್ವಲ್ಪ ಸ್ವಲ್ಪ ಅಗಲ ಮಾಡುತ್ತ ಹೋಗಿ. ಎಷ್ಟು ಅಗಲವಾದಾಗ ಷಟ್ಕೋನ ಪೂರ್ತಿ ಸುತ್ತುತ್ತದೆ ಎಂದು ವಿದ್ಯಾರ್ಥಿಗಳು ಮೊದಲು ಲೆಕ್ಕ ಹಾಕಿ, ಆಮೇಲೆ ನೋಡಲಿ. ಉತ್ತರ 16.5 ಸೆಂ.ಮೀ.ಗೆ ಸಮೀಪ ಇರುತ್ತದೆ.

ಮುಖ್ಯೋಪಾಧ್ಯಾಯರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹೀಗಿತ್ತು: ಮೂಲ ಜಾಕ್ ಇದ್ದಿದ್ದರೆ ಮೇಲ್ತುದಿ ಜಾರುತ್ತಿರಲಿಲ್ಲ, ಮರಳು ಕುಸಿಯುವುದನ್ನು ತಡೆಯಲು ಹಲಗೆಯೇ ಬೇಕಿತ್ತು. ಈಗ ಅವರ ಡಿಕ್ಕಿಯಲ್ಲಿ ಹಲಸಿನ ಮರದ ಹಲಗೆಯೊಂದು ಇದೆ, ಎರಡು ಕಲ್ಲುಗಳಿವೆ, ಎ.ಎಫ್. ಸ್ಪ್ಯಾನರ್‌ಗಳ ಸೆಟ್ ಇದೆ. ಕಾರು ಮಾರಿದವರ ಕೊಟ್ಟಿಗೆಯಲ್ಲಿ, ತೆಂಗಿನಕಾಯಿ ರಾಶಿಯ ಹಿಂದೆ, ಮೂಲ ಹ್ಯಾಂಡಲ್ ಕೂಡ ಸಿಕ್ಕಿತು. ಜಾಕ್ ಮಾತ್ರ ಇನ್ನೂ ಸಿಕ್ಕಿಲ್ಲ.